ಅಕ್ಕಿ ಬಂತು, ಬೇಳೆಗೇನು?

ಒಂದು ಮನೆಗೆ ಕಷ್ಟ ಬಂದರೆ ಅದು ಮೊದಲು ಯಾರಿಗೆ ಗೊತ್ತಾಗುತ್ತದೆ, ಹೇಳಿ ನೋಡೋಣ? ನೆಂಟರಿಗೆ? ಅವರಿಗೆ ಸುದ್ದಿ ಮುಟ್ಟುವುದು ಎಲ್ಲ ಮುಗಿದ ಮೇಲೆ. ಪಕ್ಕದ ಮನೆಯವರಿಗೆ? ಅವರಿಗೆ ಗೊತ್ತಾಗಬಾರದೆಂದೇ ಕಷ್ಟದಲ್ಲಿರುವವರು ಬಾಗಿಲ ಮುಂದಿನ ರಂಗೋಲಿಯನ್ನು ಎಂದಿಗಿಂತ ದೊಡ್ಡದಾಗಿ ಬಿಡುತ್ತಾರೆ. ಮೊದಲು ಗೊತ್ತಾಗುವುದು ಬೀದಿ ಮೂಲೆಯ ದಿನಸಿ ಅಂಗಡಿಯವರಿಗೆ. ತಿಂಗಳಿಗೊಮ್ಮೆ ಪಟ್ಟಿ ಕಳಿಸುತ್ತಿದ್ದ ಮನೆ ದಿನಕ್ಕೊಂದು ಚೀಟಿ ಕಳಿಸತೊಡಗುತ್ತದೆ. ಲೀಟರ್ ಎಣ್ಣೆ ಒಯ್ಯುತ್ತಿದ್ದವರು ಕಾಲು ಲೀಟರಿಗೆ ಇಳಿಯುತ್ತಾರೆ. ಆಮೇಲೆ ಒಂದು ದಿನ ತಾಯಿ ಬರುವುದು ನಿಂತು ಮಗು ಬರುತ್ತದೆ. "ಅಮ್ಮ ಬರ್ಕೊಳಕ್ಕೆ ಹೇಳಿದ್ರು ಅಂಕಲ್" ಎನ್ನುತ್ತದೆ. ಮಗುವಿನ ಮುಖ ನೋಡಿ 'ಇಲ್ಲ' ಎನ್ನುವುದು ಎಷ್ಟು ಕಷ್ಟ ಎಂಬುದು ಆ ತಾಯಿಗೂ ಗೊತ್ತು, ಅಂಗಡಿಯವರಿಗೂ ಗೊತ್ತು.

ಈ ಮಾತು ಯಾಕೆ ಬಂತೆಂದರೆ, ನಮ್ಮ ತುಮಕೂರಿನ ಬಡಾವಣೆಯೊಂದರಲ್ಲಿ ಸಣ್ಣದೊಂದು ಗುಂಪಿದೆ. ಅದಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ನಾಲ್ಕಾರು ಹೆಂಗಸರು, ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನು, ಒಬ್ಬರು ದಿನಸಿ ಅಂಗಡಿಯವರು. ಪೋಸ್ಟ್‌ಮ್ಯಾನ್ ಯಾಕೆ ಬಂದರು ಅಂತೀರಾ? ಯಾವ ಮನೆಗೆ ಮಗನ ಮನಿಯಾರ್ಡರ್ ಬರುತ್ತಿತ್ತು, ಅದು ಯಾವಾಗ ನಿಂತಿತು, ಯಾವ ಅಜ್ಜಿಯ ವಿಧವಾ ವೇತನ ಎಷ್ಟು ತಡ, ಇದೆಲ್ಲ ಅವರಿಗೆ ಬಾಯಿಪಾಠ. ಊರಿನ ಬಡತನದ ನಕಾಶೆ ಬೇಕೆಂದರೆ ಇಂಥ ಇಬ್ಬರು ಸಾಕು, ಒಬ್ಬರು ಕಾಗದ ಹಂಚಿದವರು, ಇನ್ನೊಬ್ಬರು ಉಪ್ಪು ಮಾರುವವರು. ಕೆಲಸ ಹೋದವರು, ಗಂಡಸು ಆಸ್ಪತ್ರೆ ಸೇರಿದ ಮನೆಯವರು, ಮಕ್ಕಳು ದೂರವಾದ ಮುದುಕರು, ಇಂಥವರ ಮನೆಗೆ ಈ ಗುಂಪು ತಿಂಗಳಿಗಾಗುವಷ್ಟು ದಿನಸಿ ಮುಟ್ಟಿಸುತ್ತದೆ.

ನೀವು ಕೇಳಬಹುದು, ಹಸಿದವರಿಗೆ ಅನ್ನ ಹಾಕುವ ಸಿದ್ಧಗಂಗಾ ಮಠ ಇರುವ ಊರಲ್ಲಿ ಇದು ಬೇಕೆ ಎಂದು. ಕೇಳಬೇಕಾದ ಪ್ರಶ್ನೆಯೇ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಅಲ್ಲಿನ ಒಲೆಯ ಕಾವು ಇಳಿಯಲು ಬಿಟ್ಟವರಲ್ಲ. ಸಾವಿರಾರು ಮಕ್ಕಳು, ಯಾವ ಜಾತಿ, ಯಾವ ಧರ್ಮ ಎಂಬ ಪ್ರಶ್ನೆಯಿಲ್ಲದೆ, ಅಲ್ಲಿ ಉಂಡು, ಮಲಗಿ, ಓದಿ ದೊಡ್ಡವರಾಗಿದ್ದಾರೆ. ಅವರ ಜೊತೆಗೆ ಬಂದುಹೋಗುವ ಭಕ್ತರಿಗೂ ಊಟ. ಆರಂಭದ ಕಷ್ಟದ ದಿನಗಳಲ್ಲಿ ಸ್ವಾಮಿಗಳೇ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ತಂದು ಮಕ್ಕಳಿಗೆ ಉಣ್ಣಿಸಿದರೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳುತ್ತ ಬೆಳೆದವರು ನಾವು. ಮಠಕ್ಕೆ ಹೋಗುವ ದಾರಿಯಲ್ಲೇ ಕ್ಯಾತ್ಸಂದ್ರ ಸಿಗುತ್ತದೆ. ಕ್ಯಾತ್ಸಂದ್ರ ಎಂದ ಮೇಲೆ ತಟ್ಟೆ ಇಡ್ಲಿಯ ಸುದ್ದಿ ಎತ್ತದೆ ಮುಂದೆ ಹೋಗುವುದು ಹೇಗೆ? ಬೆಣ್ಣೆ ಕರಗುತ್ತಿರುವ ಬಿಸಿ ತಟ್ಟೆ ಇಡ್ಲಿ, ತೆಳ್ಳನೆಯ ಕಾಯಿ ಚಟ್ನಿ. ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಬರುವವರಿದ್ದಾರೆ. ಇರಲಿ, ಇಡ್ಲಿ ಕಾಯುತ್ತದೆ, ಮಾತು ಮಠದ್ದು.

ಮಠದ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬಹುದು, ನಿಜ. ಆದರೆ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಸಂಸಾರ ಸಾಕಿದ ಒಬ್ಬ ಹೆಂಗಸು, ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಮನೆಯಲ್ಲಿ ಕುಳಿತವರು, ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಊಟಕ್ಕೆ ಕೂರುತ್ತಾರೆಯೇ? ಜಾತ್ರೆಗೆ ಹೋದಾಗ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತಾರೆ. ಮಾರನೆಯ ದಿನ ಹಸಿವಿಗೆಂದು ಹೋಗಲು ಕಾಲು ಬರುವುದಿಲ್ಲ. ಅವರಿಗೆ ಬೇಕಾದದ್ದು ತಮ್ಮದೇ ಒಲೆಯ ಮೇಲೆ ತಾವೇ ಬೇಯಿಸುವ ಬೇಳೆ. ನನಗೆ ಈ ಗುಂಪಿನ ಮೇಲೆ ಇಷ್ಟು ಅಭಿಮಾನ ಹುಟ್ಟಿದ್ದೇ ಇಲ್ಲಿ. ಇವರು ಕೊಡುವುದಕ್ಕಿಂತ ಹೆಚ್ಚು ಯೋಚಿಸುವುದು, ಕೇಳುವ ಸಂಕಟವನ್ನು ಹೇಗೆ ತಪ್ಪಿಸಬೇಕು ಎನ್ನುವುದನ್ನು.

ಈ ಯೋಚನೆ ಹೊಸದಲ್ಲ. ವಾರಾನ್ನದ ಕಥೆಗಳನ್ನು ನೀವೂ ಕೇಳಿರುತ್ತೀರಿ. ಹಳ್ಳಿಯಿಂದ ಓದಲು ಪೇಟೆಗೆ ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ನಮ್ಮ ತಾತ ಹಾಗೆ ಓದಿದವರು. ಅವರ ಬಾಯಲ್ಲಿ ವಾರದ ಹೆಸರುಗಳೆಲ್ಲ ಅಡುಗೆಯ ಹೆಸರುಗಳಾಗಿದ್ದವು. ಬುಧವಾರವೆಂದರೆ ಮಜ್ಜಿಗೆಹುಳಿ, ಶನಿವಾರವೆಂದರೆ ಆ ಮನೆಯಲ್ಲಿ ಒಪ್ಪತ್ತು, ಹಾಗಾಗಿ ಅವಲಕ್ಕಿ. ಏಕಾದಶಿ ಯಾವ ವಾರ ಬಿದ್ದರೂ ಆ ವಾರದ ಹುಡುಗನ ಹೊಟ್ಟೆಗೆ ಅಂದು ಉಪವಾಸ, ಮರುದಿನ ಬೆಳಿಗ್ಗೆಯೇ ದ್ವಾದಶಿಯ ಊಟ. ಒಬ್ಬ ಮನೆಯಾಕೆಯ ಸುದ್ದಿ ಬಂದಾಗಲೆಲ್ಲ ತಾತನ ದನಿ ತಗ್ಗುತ್ತಿತ್ತು. ಆಕೆ ಊಟಕ್ಕೆ ಕರೆಯುವ ಮುಂಚೆ ಯಾವಾಗಲೂ ಒಂದು ಕೆಲಸ ಹೇಳುತ್ತಿದ್ದರಂತೆ. "ಮಗಾ, ಈ ಕಾಗದ ಓದಿ ಹೇಳು", "ಮಗಾ, ಹಿತ್ತಲಲ್ಲಿ ನಾಲ್ಕು ಕರಿಬೇವು ಕಿತ್ತುಕೊಂಡು ಬಾ." ಕಾಗದ ಆಕೆಗೂ ಓದಲು ಬರುತ್ತಿತ್ತು ಎನ್ನುವುದು ತಾತನಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ವಾರಾನ್ನವನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಬ್ರಾಹ್ಮಣರ ಹುಡುಗ ಬ್ರಾಹ್ಮಣರ ಮನೆಗೆ ಹೋಗುತ್ತಿದ್ದ. ಅಷ್ಟೇ ಹಸಿದಿದ್ದ, ಅಷ್ಟೇ ಓದುವ ಆಸೆಯಿದ್ದ ಬೇರೆ ಹುಡುಗರು ಯಾವ ಜಗಲಿ ಹತ್ತಬೇಕಿತ್ತು? ಮಠಗಳ ಪ್ರಸಾದನಿಲಯಗಳೂ, ಆಮೇಲೆ ಸರ್ಕಾರದ ಹಾಸ್ಟೆಲುಗಳೂ ಬರುವವರೆಗೆ ಎಷ್ಟು ಮಕ್ಕಳು ಪಾಟಿ ಕೆಳಗಿಟ್ಟು ಕೂಲಿಗೆ ಹೋದರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ನೆರೆಯವರ ಪ್ರೀತಿಗೆ ನೆರೆಯೆಂದರೆ ಎಲ್ಲಿಯವರೆಗೆ ಎಂಬ ಗೆರೆ ಇದ್ದೇ ಇರುತ್ತದೆ. ಆ ಗೆರೆಯನ್ನು ದಿನಾ ಅಳಿಸುತ್ತಿರಬೇಕು. ನಮ್ಮ ಗುಂಪಿನವರ ಪಟ್ಟಿಯಲ್ಲಿ ಮಸೀದಿ ಹಿಂದಿನ ಗಲ್ಲಿಯ ಮನೆಗಳೂ ಇವೆ, ಕಟ್ಟಡದ ಕೆಲಸಕ್ಕೆಂದು ಉತ್ತರದ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವವರೂ ಇದ್ದಾರೆ. ಅವರಿಗೆ ಗೋಧಿಹಿಟ್ಟು ಬೇಕು, ನಮ್ಮ ರಾಗಿಹಿಟ್ಟನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯದು. ಅದನ್ನೂ ವಿಚಾರಿಸಿಯೇ ಕೊಡುತ್ತಾರೆ.

ಇಷ್ಟೆಲ್ಲಕ್ಕೆ ದಿನಸಿ ಎಲ್ಲಿಂದ ಬರುತ್ತದೆ? ಅರ್ಧದಷ್ಟು ಮುಷ್ಟಿ ಅಕ್ಕಿಯಿಂದ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇನ್ನೊಂದು ಡಬ್ಬ. ಬೆಳಿಗ್ಗೆ ಪಾವಿನಲ್ಲಿ ಅಕ್ಕಿ ಅಳೆಯುವಾಗ ಮೊದಲ ಮುಷ್ಟಿ ಆ ಡಬ್ಬಕ್ಕೆ. ಲೆಕ್ಕ ಹಾಕಿ ನೋಡಿ: ಒಂದು ಮುಷ್ಟಿಯನ್ನು ಐವತ್ತು ಗ್ರಾಂ ಎಂದಿಟ್ಟುಕೊಂಡರೂ ತಿಂಗಳಿಗೆ ಒಂದೂವರೆ ಕಿಲೋ, ನೂರು ಮನೆ ಸೇರಿದರೆ ಒಂದೂವರೆ ಕ್ವಿಂಟಲ್. ಯಾರ ಮನೆಯ ಅನ್ನದ ಪಾತ್ರೆಯೂ ಇದರಿಂದ ಸಣ್ಣದಾಗುವುದಿಲ್ಲ. ದೂರದ ಮಿಜೋರಾಂನಲ್ಲಿ ಇದೇ ಪದ್ಧತಿ ನೂರು ವರ್ಷ ದಾಟಿ ನಡೆದಿದೆಯೆಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಅಲ್ಲಿನ ಚರ್ಚಿನ ಹೆಂಗಸರು 1910ರಲ್ಲಿ ಶುರು ಮಾಡಿದ್ದು. ಪ್ರತಿ ಅಡುಗೆಗೂ ಮುಂಚೆ ಒಂದು ಮುಷ್ಟಿ ಅಕ್ಕಿ ತೆಗೆದಿಡುವುದು, ಅದನ್ನು ಕೂಡಿಸಿ ಮಾರಿ ಚರ್ಚಿನ ಕೆಲಸಕ್ಕೆ ಕೊಡುವುದು. ಇದನ್ನು ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಬೆಟ್ಟದ ಆ ಹೆಂಗಸರಿಗೂ ನಮ್ಮ ಬಯಲುಸೀಮೆಯ ಹೆಂಗಸರಿಗೂ ಭೇಟಿಯಿಲ್ಲ, ಭಾಷೆಯಿಲ್ಲ. ಅಕ್ಕಿ ಅಳೆಯುವ ಕೈಗೆ ಹೊಳೆಯುವುದು ಎಲ್ಲ ಕಡೆಯೂ ಒಂದೇ ಇರಬೇಕು.

ಆದರೆ ಮುಷ್ಟಿ ಅಕ್ಕಿಯಲ್ಲಿ ಒಂದು ತೊಡಕಿದೆ, ಅಡುಗೆ ಮಾಡುವವರಿಗೆ ಆಗಲೇ ಹೊಳೆದಿರುತ್ತದೆ. ಒಂದು ಮನೆಯ ಹಳೆಯ ಸೋನಾಮಸೂರಿ, ಇನ್ನೊಂದು ಮನೆಯ ಹೊಸ ಅಕ್ಕಿ, ಮತ್ತೊಂದು ಮನೆಯ ರೇಷನ್ ಅಕ್ಕಿ, ಎಲ್ಲ ಒಂದೇ ಚೀಲಕ್ಕೆ ಬಿದ್ದರೆ ಅನ್ನ ಹೇಗಾದೀತು? ಒಂದು ಅಗುಳು ಮುದ್ದೆ, ಒಂದು ಅಗುಳು ಕಲ್ಲು. ಬಡವರ ಮನೆಗೆ ತಾನೇ ಎಂದು ಅದನ್ನೇ ಕಟ್ಟಿಕೊಡುವವರೂ ಇರುತ್ತಾರೆ. ಇವರು ಹಾಗೆ ಮಾಡಲಿಲ್ಲ. ಹಿಟ್ಟಿನ ಗಿರಣಿಗೆ ಕಳಿಸಿ ಬೀಸಿಸಿದರು. ಅಕ್ಕಿಹಿಟ್ಟಾದರೆ ರೊಟ್ಟಿಗಾಯಿತು, ನಿಪ್ಪಟ್ಟಿಗಾಯಿತು, ಯಾವ ಅಕ್ಕಿಯಾದರೇನು? ಗಿರಣಿಯವರು ಬೀಸಿದ ಕೂಲಿ ತೆಗೆದುಕೊಳ್ಳುವುದಿಲ್ಲ, ಅದು ಅವರ ಮುಷ್ಟಿ.

ಅನ್ನದ ಅಕ್ಕಿಯ ಚಿಂತೆಯನ್ನು ಸರ್ಕಾರ ಬಹುಮಟ್ಟಿಗೆ ಇಳಿಸಿದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ ಹಳ್ಳಿಗಳಲ್ಲಿ ಆದ ಬದಲಾವಣೆಯನ್ನು ಕಣ್ಣಾರೆ ಕಂಡವರು ಅದರ ಬಗ್ಗೆ ಹಗುರವಾಗಿ ಮಾತಾಡಲಾರರು. ನಡುವೆ 2023ರಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ ತಲೆಗೆ 170 ರೂಪಾಯಿಯಂತೆ ಖಾತೆಗೆ ಹಾಕಿದರು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಅಕ್ಕಿ ಬಂತು, ಬೇಳೆಗೇನು? ಎಣ್ಣೆಗೆ? ಗ್ಯಾಸಿಗೆ? ಸರ್ಕಾರವೂ ಈಚೆಗೆ ಬೇಳೆ, ಎಣ್ಣೆಯ ಕಿಟ್ಟಿನ ಮಾತಾಡಿದೆ, ಒಳ್ಳೆಯದೇ. ಆದರೆ ಕಾರ್ಡೇ ಇಲ್ಲದವರಿದ್ದಾರೆ. ಕಾರ್ಡಿದ್ದು ಬೆರಳಚ್ಚು ಸವೆದುಹೋದ ಮುದುಕಿಯರಿದ್ದಾರೆ. ಜೀವನವಿಡೀ ಪಾತ್ರೆ ತಿಕ್ಕಿದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಅಂಥವರ ಜೊತೆ ನಿಂತು, ಓಟಿಪಿ ಬರುವ ಫೋನು ಯಾರದು ಎಂದು ಹುಡುಕಿ, ಆಹಾರ ಇಲಾಖೆಯ ಕಚೇರಿಗೆ ಅಲೆದು ಸರಿಪಡಿಸುವುದು ಪೋಸ್ಟ್‌ಮ್ಯಾನ್ ಅಣ್ಣನ ಪಾಲಿನ ಕೆಲಸ. ಚೀಲ ಹೊತ್ತುಕೊಡುವುದಕ್ಕಿಂತ ಇದು ದೊಡ್ಡದೆಂದು ನನ್ನ ಎಣಿಕೆ.

ಹಸಿದವರು ನಿಜವಾಗಿ ಹಸಿದಿದ್ದಾರೆಯೇ ಎಂದು ಪರೀಕ್ಷಿಸುವ ಚಟ ಹಳೆಯದು. ನಮ್ಮ ಕಡೆಯ ಹಳಬರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, ಆ ಎರಡು ಸಂವತ್ಸರಗಳ ಬರ, 1876ರಿಂದ 78ರವರೆಗಿನದು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕಡಿಮೆ. ಆ ಬರದಲ್ಲೇ ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದೂವರೆ ಪೌಂಡ್ ಇದ್ದ ಧಾನ್ಯದ ಅಳತೆಯನ್ನು ಒಂದು ಪೌಂಡಿಗೆ ಇಳಿಸಿದ. ಜೊತೆಗೆ ಒಂದಾಣೆ ಕಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋ ಕೂಡ ಅಲ್ಲ. ಹೆಚ್ಚು ಕೊಟ್ಟರೆ ಖಜಾನೆಗೆ ಭಾರ ಎಂಬ ಲೆಕ್ಕ. ಅದೇ ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಪಟ್ಟುಹಿಡಿದು ವಾದಿಸಿದರು. ಟೆಂಪಲ್ ಹೆಸರು ಆ ಕೂಲಿಗೆ ಅಂಟಿಕೊಂಡು ಉಳಿಯಿತು. ಕಾರ್ನಿಶ್ ಹೆಸರನ್ನೂ ನಾವು ನೆನೆಯಬೇಕು, ಅದಕ್ಕೇ ಇಲ್ಲಿ ಎಳೆದು ತಂದೆ.

ಈಗ ತೂಕದ ಪರೀಕ್ಷೆ ಹೋಗಿ ಫೋಟೋದ ಪರೀಕ್ಷೆ ಬಂದಿದೆ. 2020ರ ಲಾಕ್‌ಡೌನಿನಲ್ಲಿ ನೋಡಿದೆವಲ್ಲ, ಒಂದು ಕಿಟ್ಟಿಗೆ ಆರು ಜನರ ಕೈ, ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ತಾಯಿ. ಅಂದು ನಿಸ್ವಾರ್ಥವಾಗಿ ದುಡಿದವರು ಲೆಕ್ಕವಿಲ್ಲದಷ್ಟು ಜನ, ಅವರಿಗೆ ಕೈಮುಗಿಯುತ್ತೇನೆ. ಆದರೆ ಆ ಫೋಟೋಗಳನ್ನು ಕಂಡಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ತಾಯಿಯ ಮಗ ನಾಳೆ ಶಾಲೆಗೆ ಹೋದಾಗ ಗೆಳೆಯರ ಮುಖ ಹೇಗೆ ನೋಡಬೇಕು? ನಮ್ಮ ಗುಂಪಿನಲ್ಲಿ ಫೋಟೋ ಇಲ್ಲ. ಚೀಲ ಹೊತ್ತು ಹೋಗುವುದೂ ಈಗ ಕಡಿಮೆಯಾಗಿದೆ. ಅಂಗಡಿಯವರ ಪುಸ್ತಕದಲ್ಲಿ ಕಷ್ಟದಲ್ಲಿರುವ ಮನೆಯ ಲೆಕ್ಕಕ್ಕೆ ದುಡ್ಡು ಕಟ್ಟಿಬಿಡುತ್ತಾರೆ. ಆ ಮನೆಯ ಹೆಂಗಸು ಎಲ್ಲರಂತೆ ಅಂಗಡಿಗೆ ಬಂದು, ಎಲ್ಲರ ಮುಂದೆ ನಿಂತು, "ಕಾಲು ಕೆಜಿ ಕಡ್ಲೆಬೇಳೆ ಕೊಡಿ ಅಣ್ಣಾ, ಹೋದ ಸಲದ್ದು ಸರಿಯಿರಲಿಲ್ಲ" ಎಂದು ದಬಾಯಿಸಿ ಒಯ್ಯುತ್ತಾಳೆ. ಅಂಗಡಿಯವರು ಬೇರೆ ಮೂಟೆ ಬಿಚ್ಚುತ್ತಾರೆ. ಹಬ್ಬಕ್ಕೆ ಒಬ್ಬಟ್ಟು ಮಾಡಬೇಕೆಂದರೆ ಬೆಲ್ಲವೂ ಬರುತ್ತದೆ. ಕಷ್ಟದಲ್ಲಿರುವವರಿಗೆ ಒಬ್ಬಟ್ಟು ಯಾಕೆ ಎಂದು ಕೇಳಿದವರೊಬ್ಬರಿಗೆ, "ಯುಗಾದಿ ಅವರ ಮನೇಗೂ ಬರುತ್ತಲ್ಲ ಸ್ವಾಮಿ" ಎಂದು ಅಂಗಡಿಯವರೇ ಉತ್ತರ ಕೊಟ್ಟರಂತೆ.

ಪಕ್ಕದ ಮನೆಯಿಂದ ಪಲ್ಯ ಬಂದರೆ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದೀತು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಿದ್ದರು. ಪಟ್ಟಿಯಲ್ಲಿದ್ದ ಮನೆಗಳು ಆ ಪದ್ಧತಿಯನ್ನು ಮರೆತಿಲ್ಲ. ಹೊಲಿಗೆಯ ಅಮ್ಮ ಹುಳಿಪುಡಿ ಕುಟ್ಟುತ್ತಾರೆ, ಗುಂಪಿನವರು ಖಾರ, ಧನಿಯ ತಂದುಕೊಡುತ್ತಾರೆ, ಅದು ಚಿಕ್ಕ ಪೊಟ್ಟಣಗಳಾಗಿ ಬೇರೆ ಮನೆಗಳಿಗೆ ಹೋಗುತ್ತದೆ. ಮಗನಿಗೆ ಕೆಲಸ ಸಿಕ್ಕ ಮನೆಯೊಂದು ಪಟ್ಟಿಯಿಂದ ಹೆಸರು ತೆಗೆಸಿ, ಅದೇ ವಾರ ಮುಷ್ಟಿ ಅಕ್ಕಿಯ ಡಬ್ಬ ಕೇಳಿ ಪಡೆಯಿತು.

ಸದ್ಯ ಗುಂಪಿನಲ್ಲಿ ಒಂದು ದೊಡ್ಡ ಚರ್ಚೆ ನಡೆದಿದೆ. ತಿಪಟೂರು ಕಡೆಯ ತೋಟದವರೊಬ್ಬರು ಒಂದಿಷ್ಟು ತೆಂಗಿನಕಾಯಿ ಕಳಿಸುತ್ತೇನೆಂದಿದ್ದಾರೆ. ಕಾಯಿಯನ್ನೇ ಹಂಚಬೇಕೋ, ಗಾಣಕ್ಕೆ ಹಾಕಿಸಿ ಎಣ್ಣೆ ಮಾಡಿಸಬೇಕೋ? ಹೆಂಗಸರೆಲ್ಲ ಕಾಯಿಯ ಪರ, ಚಟ್ನಿ ಸಾರು ಎರಡಕ್ಕೂ ಆಗುತ್ತದೆ ಎಂದು. ಪೋಸ್ಟ್‌ಮ್ಯಾನ್ ಎಣ್ಣೆಯ ಪರ, ಕೆಡುವುದಿಲ್ಲ ಎಂದು. ಇದರ ನಡುವೆ ಹುಣಸೆಹಣ್ಣಿನ ಸುದ್ದಿ ಬೇರೆ ಎದ್ದಿದೆ. ಮಾರುಕಟ್ಟೆಗೆ ಹೊಸ ಹಣ್ಣು ಬಂದಿದೆ, ಆದರೆ ಸಾರಿಗೆ ಹಳೆಯದೇ ರುಚಿ ಎಂದು ಹೊಲಿಗೆಯ ಅಮ್ಮನ ಹಟ. ಭಾನುವಾರ ಗಿರಣಿಯ ಕಟ್ಟೆಯ ಮೇಲೆ ಮತ್ತೆ ಸೇರುತ್ತಾರೆ, ನಾನೂ ಹೋಗುವವನಿದ್ದೇನೆ. ನಿಮ್ಮ ಮತ ಯಾವುದು, ಕಾಯಿಯೋ ಎಣ್ಣೆಯೋ?