ಬಳೆ ಎಲ್ಲಿಡಲಿ, ಆಪಾ?

ಹಜ್ಜ್‌ಗೆ ಹೊರಡುವ ನಮ್ಮ ಅರಿಶಿನಕುಂಟೆಯ ಸಹೋದರಿಯರು ತವಾಫ್, ಸಈಯ ಕ್ರಮ ತಿಳಿಯಲು ನನ್ನಲ್ಲಿಗೆ ಬರುತ್ತಾರೆ. ಎಲ್ಲ ಮುಗಿದ ಮೇಲೆ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುವುದು ಒಂದೇ: "ಆಪಾ, ಬಳೆ, ದುಡ್ಡು ಎಲ್ಲಿಡಲಿ?"

ಸಂಕೋಚ ಬೇಡ ಸಹೋದರಿ, ಕೇಳಲೇಬೇಕಾದ ಪ್ರಶ್ನೆಯಿದು. ಮುಂಬಯಿಯಿಂದ ಜಿದ್ದಾಕ್ಕೆ 1995ರ ತನಕ ಹಜ್ಜ್ ಹಡಗು ಹೋಗುತ್ತಿತ್ತು. ಅದರಲ್ಲಿ ಹೋಗಿದ್ದ ನಮ್ಮ ನಾನಿ ತಗಡಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರಂತೆ. ಈಗ ವಿಮಾನ. ಆದರೆ ಮಕ್ಕಾದ ಕೋಣೆಯಲ್ಲಿ ಅಪರಿಚಿತರೊಂದಿಗೆ ನಾಲ್ಕೈದು ಮಂಚ. ದುಲ್‌ಹಜ್ಜ್ 8ರಂದು ಮಿನಾಕ್ಕೆ ಹೊರಟರೆ ಹೆಚ್ಚಿನವರು ಅಲ್ಲಿಗೆ ಮರಳುವುದು ನಾಲ್ಕೈದು ದಿನ ಕಳೆದು. ಮಿನಾದ ಡೇರೆಗೆ ಬೀಗವಿಲ್ಲ, ಮುಜ್ದಲಿಫಾದಲ್ಲಂತೂ ಮೇಲೆ ಆಕಾಶ ಮಾತ್ರ.

ಬಳೆ ಊರಲ್ಲೇ ಇರಲಿ. ಇಹ್ರಾಮಿನಲ್ಲಿ ಹೆಂಗಸರಿಗೆ ಹೊಲಿದ ಬಟ್ಟೆಗೆ ಅಡ್ಡಿಯಿಲ್ಲವಲ್ಲ, ಕಮೀಜಿನ ಒಳಗೆ ಜಿಪ್ ಇರುವ ಜೇಬು ಹೊಲಿಸಿ. ರಿಯಾಲುಗಳನ್ನೆಲ್ಲ ಒಂದೇ ಕಡೆ ಇಡಬೇಡಿ. ಪಾಸ್‌ಪೋರ್ಟಿನ ನಕಲು ಬೇರೆ ಚೀಲದಲ್ಲಿರಲಿ. ಒಬ್ಬಳು ತನ್ನ ಗಂಡ ಆಫೀಸಿನ ಲ್ಯಾಪ್‌ಟಾಪ್ ಕೊಂಡೊಯ್ಯುತ್ತಾರೆಂದಳು. (ಅದನ್ನು ಕಾಯಲು ಮಕ್ಕಾಕ್ಕೆ ಹೋಗಬೇಕೇ?)

ಕೋಣೆಯಲ್ಲಿ ಹಣ ಕಾಣೆಯಾದರೆ ಹಣಕ್ಕಿಂತ ಮೊದಲು ಹಾಳಾಗುವುದು ಮನಸ್ಸು. ನಮ್ಮೂರಿನಿಂದ ಹೋಗಿದ್ದ ಒಬ್ಬರ ಐನೂರು ರಿಯಾಲ್ ಕಾಣಲಿಲ್ಲ. ಪಕ್ಕದ ಮಂಚದ ಮುದುಕಿಯ ಮೇಲೆ ಸಂಶಯ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮೂರು ದಿನ ಆಕೆಯೊಂದಿಗೆ ಯಾರೂ ಮಾತಾಡಲೂ ಇಲ್ಲ. ಹಣ ಸಿಕ್ಕಿದ್ದು ಇವರದೇ ಮುಸಲ್ಲಾದ ಮಡಿಕೆಯಲ್ಲಿ. ಅಷ್ಟರಲ್ಲಿ ಆ ಮುದುಕಿ ಮದೀನಾದ ಬಸ್ಸು ಹತ್ತಿ ಹೋಗಿಯಾಗಿತ್ತು.