ಹನಿ ನೀರಿನ ಅಂಜಿಕೆ

ನೀಲಿ ಬಣ್ಣದ ಕುರಿತು ಬರೆಯುವವರು ಸಾಮಾನ್ಯವಾಗಿ ಇಳಕಲ್ಲ ಸೀರೆಯಿಂದ ಆರಂಭಿಸುತ್ತಾರೆ. ನಾನು ಆ ಸೀರೆಯ ಹಿಂದಿರುವ ತಗಡಿನ ಡ್ರಮ್ಮಿನಿಂದ ಆರಂಭಿಸುತ್ತೇನೆ. ಸೀರೆಯ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ಡ್ರಮ್ಮಿನ ಬಗ್ಗೆ ಹೇಳುವವರು ಯಾರೂ ಕಾಣಲಿಲ್ಲ.

ಬಾಗಲಕೋಟೆ ಸೀಮೆಯ ನೇಕಾರರ ಊರೊಂದರ ಪ್ರೌಢಶಾಲೆಯಲ್ಲಿ ಬಹುಕಾಲ ವಿಜ್ಞಾನ ಕಲಿಸಿದವನು ನಾನು. ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಮಗ್ಗದ ಮನೆಗಳಿಂದ, ಇಲ್ಲವೇ ನೂಲಿಗೆ ಬಣ್ಣ ಹಾಕುವ ಮನೆಗಳಿಂದ ಬರುತ್ತಿದ್ದರು. ಉತ್ಕರ್ಷಣ, ಅಪಕರ್ಷಣ ಎಂಬ ಪಾಠ ಬಂದಾಗ ಪಠ್ಯಪುಸ್ತಕದ ಉದಾಹರಣೆಗಳನ್ನು ಬದಿಗಿಟ್ಟು ಅವರ ಮನೆಯ ಬಾನಿಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ನೀಲಿ ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ ಬೆರೆಸಿದ ನೀರಿಗೆ ಒಂದು ಬಿಳಿಯ ಪುಡಿಯನ್ನು ಹಾಕಿದರೆ ಅದು ನೀಲಿಯ ಕಣದಿಂದ ಆಮ್ಲಜನಕದ ಹಿಡಿತವನ್ನು ಬಿಡಿಸುತ್ತದೆ. ನೀಲಿ ತನ್ನ ಬಣ್ಣ ಕಳೆದುಕೊಂಡು ಹಳದಿ ಮಿಶ್ರಿತ ಹಸಿರಾಗಿ ಕರಗುತ್ತದೆ. ಅದರಲ್ಲಿ ಅದ್ದಿದ ಲಡಿಯನ್ನು ಹೊರತೆಗೆದು ಗಾಳಿಗೆ ಹಿಡಿದರೆ ನೋಡನೋಡುತ್ತಿದ್ದಂತೆ ಹಸಿರು ನೀಲಿಯಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಕಳೆದದ್ದನ್ನು ಮರಳಿ ಕೊಟ್ಟಿತು ಎಂದು ನಾನು ವಿವರಿಸುವುದರೊಳಗೆ ಹಿಂದಿನ ಬೆಂಚಿನ ಹುಡುಗರು "ನಮ್ಮ ಮನ್ಯಾಗ ದಿನಾ ಆಗ್ತೈತ್ರಿ" ಎನ್ನುತ್ತಿದ್ದರು.

ಆ ಬಿಳಿಯ ಪುಡಿಗೆ ಪೇಟೆಯಲ್ಲಿ 'ಹೈಡ್ರೋಸ್' ಎಂದು ಹೆಸರು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದರ ಮೊಟಕು ರೂಪ. ರಸಾಯನಶಾಸ್ತ್ರಜ್ಞರು ಇದನ್ನು ಸೋಡಿಯಂ ಡೈಥಯೋನೈಟ್ ಎನ್ನುತ್ತಾರೆ. ನೋಡಲು ಸಕ್ಕರೆಪುಡಿಯಷ್ಟು ಸಾಧು. ಆದರೆ ಆಮ್ಲಜನಕವನ್ನು ಕಸಿಯುವ ಇದರ ಹಸಿವು ಬಾನಿಗಷ್ಟೇ ಸೀಮಿತವಲ್ಲ. ತೇವ ತಾಕಿದರೆ ಡ್ರಮ್ಮಿನೊಳಗೇ ಒಡೆಯತೊಡಗುತ್ತದೆ; ಒಡೆಯುವಾಗ ಶಾಖ ಹುಟ್ಟುತ್ತದೆ; ಶಾಖ ಹುಟ್ಟಿದರೆ ಒಡೆಯುವಿಕೆ ಇನ್ನಷ್ಟು ಚುರುಕಾಗುತ್ತದೆ. ಪುಡಿಯ ರಾಶಿ ದೊಡ್ಡದಾದಷ್ಟೂ ನಡುವಿನ ಶಾಖಕ್ಕೆ ಹೊರಬರುವ ದಾರಿ ಇಲ್ಲ. ಚಮಚೆಯಷ್ಟು ಪುಡಿ ತೇವವಾದರೆ ಗಡ್ಡೆ ಕಟ್ಟಿ ಸುಮ್ಮನಾಗುತ್ತದೆ. 50 ಕಿಲೋ ಡ್ರಮ್ಮಿನ ಒಳಗೆ ಅದೇ ತೇವ ಹೊಗೆಯಾಗಿ, ಬೆಂಕಿಯಾಗಿ ಎದ್ದೀತು. ಅದಕ್ಕಾಗಿಯೇ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳಲ್ಲಿ ಇದಕ್ಕೆ ವಿಶ್ವಸಂಸ್ಥೆಯ 1384 ಎಂಬ ಸಂಖ್ಯೆ, 4.2 ಎಂಬ ವರ್ಗ. ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗವದು. ಡ್ರಮ್ಮಿನ ಮೇಲೆ ಮೇಲರ್ಧ ಬಿಳಿ, ಕೆಳಗರ್ಧ ಕೆಂಪು ಇರುವ ವಜ್ರಾಕಾರದ ಚೀಟಿ, ಅದರಲ್ಲೊಂದು ಜ್ವಾಲೆಯ ಚಿತ್ರ ಇರಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂದು ಬಣ್ಣ ಮತ್ತು ರಾಸಾಯನಿಕಗಳ ವ್ಯಾಪಾರಿ. ಗುಜರಾತಿನ ಕಡೆಯಿಂದ ಮಾಲು ತರಿಸುತ್ತಾನೆ. ಲಾರಿ ಮುಂಬಯಿ, ಪುಣೆ, ಸಾತಾರಾ, ಕೊಲ್ಲಾಪುರ, ನಿಪ್ಪಾಣಿಗಳನ್ನು ದಾಟಿ ನಮ್ಮ ಬಯಲಿಗೆ ಇಳಿಯುತ್ತದೆ. ನಮ್ಮ ಊರಿನಲ್ಲಿ ಆಷಾಢದ ಬರಿಯ ಗಾಳಿ ಬೀಸುತ್ತಿರುವಾಗ ಘಟ್ಟದ ದಾರಿಯಲ್ಲಿ ಜಡಿಮಳೆ. ಕೆಲವು ವರ್ಷಗಳ ಹಿಂದೆ ಹಾಗೊಂದು ಮಳೆಗಾಲದಲ್ಲಿ ಬಂದ ಲಾರಿಯ ತಾಡಪತ್ರಿಯಲ್ಲಿ ತೂತಿತ್ತು. ಒಂದು ಡ್ರಮ್ಮಿನ ಮುಚ್ಚಳದ ಅಂಚು ಏಟು ತಿಂದು ಬಾಗಿತ್ತು. ಎರಡೂ ಒಂದೇ ಜಾಗದಲ್ಲಿ ಕೂಡಿದವು. ಅಂಗಳದಲ್ಲಿ ಹಗ್ಗ ಬಿಚ್ಚುವಾಗ ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂತಂತೆ. ಅದು ಗಂಧಕದ ಡೈಆಕ್ಸೈಡಿನ ವಾಸನೆ. ಹಮಾಲನೊಬ್ಬ ಉಪಕಾರ ಮಾಡಲೆಂದು ಎರಡು ಕೊಡ ನೀರು ತಂದು ಸುರಿದ. ಹೊಗೆ ಇಮ್ಮಡಿಯಾಗಿ ಉರಿ ಕಾಣಿಸಿತು. ಇನ್ನೊಬ್ಬ ಮರಳು ಎರಚಿದ. ಮರಳಿನ ಅಡಿಯಲ್ಲಿಯೂ ಅದು ಉರಿಯುತ್ತಲೇ ಇತ್ತು. ಎಲ್ಲರೂ ದೂರ ಸರಿದ ಮೇಲೆ ಅಗ್ನಿಶಾಮಕದವರು ಬಂದು, ದೂರದಿಂದಲೇ ಪೈಪು ಹಿಡಿದು, ಡ್ರಮ್ಮು ಮುಳುಗುವಷ್ಟು ನೀರು ಬಿಟ್ಟ ನಂತರ ತಣ್ಣಗಾಯಿತು. ಪ್ರಾಣಹಾನಿಯಾಗಲಿಲ್ಲ. ಆ ಹಮಾಲ ಮಾತ್ರ ಹಲವು ದಿನ ಕೆಮ್ಮಿದ.

ಈ ಘಟನೆಯನ್ನು ನನಗೆ ಹೇಳುತ್ತಾ ಅವನು ಒಂದು ಮಾತು ಸೇರಿಸಿದ. "ಸರ, ಇದಕ್ಕ ಹನಿ ನೀರಿನ ಅಂಜಿಕಿ. ಹೊಳಿ ನೀರಿನ ಅಂಜಿಕಿ ಇಲ್ರಿ."

ವಿಜ್ಞಾನದ ಮೇಷ್ಟರಾದ ನನಗೆ ಈ ಮಾತು ಬಹಳ ಹಿಡಿಸಿತು. ಏಕೆಂದರೆ ಅದು ಶಾಸ್ತ್ರಕ್ಕೆ ಸರಿಯಾದ ಮಾತು. ಹನಿ ನೀರು ಕ್ರಿಯೆಯನ್ನು ಆರಂಭಿಸುತ್ತದೆ, ಆದರೆ ಹುಟ್ಟಿದ ಶಾಖವನ್ನು ಒಯ್ಯಲಾರದು. ಹೊಳೆಯಷ್ಟು ನೀರು ಶಾಖವನ್ನೂ ಪುಡಿಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಮರಳಿನ ಸಂಗತಿ ಇನ್ನೂ ವಿಚಿತ್ರ. ಗಾಳಿಯನ್ನು ತಡೆದರೆ ಬೆಂಕಿ ಆರುತ್ತದೆ ಎಂದು ಮಕ್ಕಳಿಗೆ ಕಲಿಸುತ್ತೇವೆ. ಈ ಪುಡಿಗೆ ಉರಿಯಲು ಹೊರಗಿನ ಗಾಳಿಯೇ ಬೇಕಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳವರು ಸೇರಿ ಹೊರತರುವ ತುರ್ತು ಕೈಪಿಡಿಯಲ್ಲಿ, ಇದೇ ಪುಟದ ಬೇರೆ ವಸ್ತುಗಳಿಗೆ ಒಣ ಮರಳು ಹಾಕಿ ಎಂದು ಬರೆದು, 1384 ಮೊದಲಾದ ಕೆಲವಕ್ಕೆ ಮಾತ್ರ ಬೇಡ, ಸಣ್ಣ ಬೆಂಕಿಗೂ ಪ್ರವಾಹದಂತೆ ನೀರು ಬಿಡಿ ಎಂದು ಬೇರೆಯಾಗಿ ಹೇಳಿದ್ದಾರೆ.

ಇದೆಲ್ಲ ಅತಿಶಯೋಕ್ತಿ ಎನ್ನುವವರಿಗಾಗಿ ಒಂದು ಸಂಗತಿ. 1995ರ ಏಪ್ರಿಲ್ 21ರಂದು ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಲೋಡೈ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಇದೇ ಪುಡಿಯನ್ನು ಅಲ್ಯೂಮಿನಿಯಂ ಪುಡಿ ಮೊದಲಾದವುಗಳೊಡನೆ ದೊಡ್ಡ ಯಂತ್ರದಲ್ಲಿ ಬೆರೆಸುತ್ತಿದ್ದರು. ಸ್ಫೋಟವಾಗಿ ಐವರು ಕಾರ್ಮಿಕರು ಸತ್ತರು. ಆಕಸ್ಮಿಕವಾಗಿ ಒಳಗೆ ಸೇರಿದ ನೀರು ಮತ್ತು ಅದರಿಂದ ಹುಟ್ಟಿದ ಶಾಖವೇ ಬಹುಮಟ್ಟಿಗೆ ಕಾರಣವೆಂದು ಅಲ್ಲಿನ ಸರಕಾರಿ ಸಂಸ್ಥೆಗಳ ತನಿಖೆ ಹೇಳಿತು. ನೀರನ್ನು ಯಾರೂ ಬೇಕೆಂದು ಹಾಕಿರಲಿಲ್ಲ.

ಕಾಣುವ ನೀರನ್ನು ತಡೆಯಬಹುದು. ಕಾಣದ ನೀರಿನ ಕತೆ ಬೇರೆ. ಒಮ್ಮೆ ನನ್ನ ಶಿಷ್ಯ ಜೊತೆಗಾರರೊಡನೆ ಸೇರಿ ಸಮುದ್ರದಾಚೆಯಿಂದ ಒಂದು ಕಂಟೇನರ್ ತುಂಬ ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣದ ಪುಡಿ ತರಿಸಿದ್ದ. ಬಾಗಿಲು ತೆಗೆದಾಗ ಮೇಲಿನ ಸಾಲಿನ ಪೆಟ್ಟಿಗೆಗಳು ಒದ್ದೆ. ಕಂಟೇನರಿನಲ್ಲಿ ಎಲ್ಲಿಯೂ ತೂತಿಲ್ಲ. "ನೀರು ಎಲ್ಲಿಂದ ಬಂತ್ರೀ ಸರ?" ಎಂದು ನನ್ನಲ್ಲಿಗೆ ಬಂದ. ಬಿಡುವಿನ ವೇಳೆಯಲ್ಲಿ ಲೆಕ್ಕ ಹಾಕುವುದಕ್ಕಿಂತ ಹೆಚ್ಚಿನ ಸುಖ ನಿವೃತ್ತ ಶಿಕ್ಷಕನಿಗೆ ಇನ್ನೇನಿದೆ? ಕಾಗದ ತೆಗೆದುಕೊಂಡು ಕುಳಿತೆವು.

20 ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನಮೀಟರ್ ಜಾಗ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯುತ್ತದೆ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಮಾತ್ರ. ಹಗಲು ಕಾದ ಕಬ್ಬಿಣದ ಚಾವಣಿ ರಾತ್ರಿ ತಣ್ಣಗಾದಾಗ ಉಳಿದದ್ದು ಹನಿಯಾಗಿ ಕೆಳಗೆ ಬೀಳಲೇಬೇಕು. ಆದರೂ ಲೆಕ್ಕಕ್ಕೆ ಒಂದು ಲೀಟರೂ ಸಿಗುವುದಿಲ್ಲ; ಮುಕ್ಕಾಲು ಲೀಟರಿಗೂ ಕಡಿಮೆ. ಅಷ್ಟರಿಂದ ಒಂದು ಸಾಲು ಪೆಟ್ಟಿಗೆ ಹೀಗೆ ನೆನೆಯದು. ಮಿಕ್ಕ ನೀರು ಎಲ್ಲಿತ್ತು?

ಉತ್ತರ ಪೆಟ್ಟಿಗೆಗಳ ಅಡಿಯಲ್ಲಿತ್ತು. ಮರದ ಹಲಗೆಗಳ ಮೇಲೆ ಮಾಲನ್ನು ಪೇರಿಸುತ್ತಾರಲ್ಲ, ಆ ಮಣೆಗಳು. ಒಂದು ಮಣೆ 20 ಕಿಲೋ, ಹತ್ತು ಮಣೆ ಎಂದರೆ 200 ಕಿಲೋ ಮರ. ಹಸಿಮರವಾಗಿ ಅದರ ತೂಕದ ಐದನೆಯ ಒಂದು ಭಾಗ ನೀರಾಗಿದ್ದರೆ 40 ಲೀಟರ್! ಅದರ ಕಾಲುಭಾಗ ಆವಿಯಾಗಿ ಹೊರಬಂದರೂ 10 ಲೀಟರ್ ಆಯಿತು. ಹಗಲಿನಲ್ಲಿ ಮರದಿಂದ ಗಾಳಿಗೆ, ರಾತ್ರಿಯಲ್ಲಿ ಗಾಳಿಯಿಂದ ಚಾವಣಿಗೆ, ಚಾವಣಿಯಿಂದ ಪೆಟ್ಟಿಗೆಗೆ. ಇದನ್ನು ಸಾಗಣೆಯವರು 'ಕಂಟೇನರ್ ಮಳೆ' ಎನ್ನುತ್ತಾರೆ. "ಹಲಿಗಿ ಮ್ಯಾಲೆ ಶಾಖ ಕೊಟ್ಟೀವಿ ಅಂತ ಮುದ್ರಿ ಐತೆಲ್ರಿ" ಎಂದು ಅವನು ವಾದಿಸಿದ. ಆ ಮುದ್ರೆ ಹುಳುಗಳಿಗೆ ಸಂಬಂಧಿಸಿದ್ದು. ಮರದ ನಡುಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಇರಿಸಿದರೆ ಹುಳು ಸಾಯುತ್ತದೆ, ಮರ ಒಣಗಲೇಬೇಕೆಂದಿಲ್ಲ.

ರಿಯಾಕ್ಟಿವ್ ಬಣ್ಣಕ್ಕೆ ಬೆಂಕಿಯ ಭಯವಿಲ್ಲ, ಆದರೆ ಮೋಸದ ಭಯವಿದೆ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ಜಾತಿಯ ಬಣ್ಣಗಳು ಹತ್ತಿಯ ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ನೂಲಿನೊಡನೆ ಆಗಬೇಕಾದ ಆ ಮದುವೆ ಡಬ್ಬಿಯಲ್ಲಿ ಸೇರಿದ ನೀರಿನೊಡನೆ ಮೊದಲೇ ಆಗಿಹೋದರೆ ಬಣ್ಣ ಕಣ್ಣಿಗೆ ಹಾಗೆಯೇ ಕಾಣುತ್ತದೆ, ನೂಲಿಗೆ ಮಾತ್ರ ಹತ್ತುವುದಿಲ್ಲ. ತೊಳೆಯುವ ದಿನ ಚರಂಡಿಯಲ್ಲಿ ಹರಿಯುತ್ತದೆ. ನಷ್ಟ ಯಾರಿಗೆ? ಕಳಿಸಿದವನಿಗಲ್ಲ, ತಂದವನಿಗೂ ಪೂರ್ತಿಯಲ್ಲ. ಒಂದೇ ಸೀರೆಯ ಹಾಸಿನಲ್ಲಿ ಎರಡು ಛಾಯೆ ಬಂದದ್ದಕ್ಕೆ ಬಯ್ಗುಳ ತಿನ್ನುವವನು ನೇಕಾರ.

ಈಗ ನನ್ನ ಶಿಷ್ಯ ಒಣ ಹಲಗೆಯನ್ನೇ ಕೇಳಿ ಪಡೆಯುತ್ತಾನೆ. ಕಂಟೇನರಿನ ಗೋಡೆಗೆ ಕ್ಯಾಲ್ಸಿಯಂ ಕ್ಲೋರೈಡಿನ ಚೀಲಗಳನ್ನು ತೂಗುಹಾಕಿಸುತ್ತಾನೆ. ಅದೇ ಕ್ಯಾಲ್ಸಿಯಂ ಕ್ಲೋರೈಡನ್ನು ಗಾಜಿನ ತಟ್ಟೆಯಲ್ಲಿಟ್ಟು, ಗಾಳಿಯ ತೇವವನ್ನು ಕುಡಿದು ತಾನೇ ಕರಗಿ ನೀರಾಗುವುದನ್ನು ಒಂಬತ್ತನೆಯ ತರಗತಿಯಲ್ಲಿ ತೋರಿಸಿದ್ದೆ. ಅವನಿಗೆ ಅದು ನೆನಪಿಲ್ಲವಂತೆ. ಇರಲಿ.

ಅವನ ಗೋದಾಮನ್ನು ನೋಡಿ ಬಂದಿದ್ದೇನೆ. ಡ್ರಮ್ಮುಗಳು ನೆಲದಿಂದ ಮೇಲೆ, ಗೋಡೆಯಿಂದ ದೂರ. ತಗಡಿನ ಮಾಡಿನ ಕೆಳಗೆ ಇನ್ನೊಂದು ಚಾವಣಿ, ಚಳಿಗಾಲದ ಬೆಳಗಿನಲ್ಲಿ ತಗಡು ಬೆವರಿ ತೊಟ್ಟಿಕ್ಕಬಾರದೆಂದು. ಹೈಡ್ರೋಸಿನ ಕೋಣೆಯಲ್ಲಿ ಆಮ್ಲವಿಲ್ಲ, ಬ್ಲೀಚಿಂಗ್ ಪೌಡರ್ ಇಲ್ಲ, ನ್ಯಾಫ್ತಾಲ್ ಬಣ್ಣಕ್ಕೆ ಬೇಕಾಗುವ ಸೋಡಿಯಂ ನೈಟ್ರೈಟೂ ಇಲ್ಲ. ಅವೆಲ್ಲ ಇದರ ಹಗೆಗಳು. ಮೊದಲು ಬಂದದ್ದು ಮೊದಲು ಹೋಗುತ್ತದೆ. (ಇದೇ ಹೈಡ್ರೋಸನ್ನು ಬೆಲ್ಲ ಹಳದಿಯಾಗಿ ಕಾಣಲೆಂದು ಆಲೆಮನೆಗಳಲ್ಲಿ ಹಾಕುವವರೂ ಇದ್ದಾರೆ. ಅಂದದ ಬೆಲ್ಲ ಕೊಳ್ಳುವ ನಮ್ಮದೂ ಅದರಲ್ಲಿ ಪಾಲಿದೆ. ಆ ವಿಷಯ ಇನ್ನೊಮ್ಮೆ ಬರೆಯುತ್ತೇನೆ.)

ಇಷ್ಟೆಲ್ಲ ಎಚ್ಚರ ದೊಡ್ಡ ಡ್ರಮ್ಮು ಇರುವವರೆಗೆ. ನನ್ನ ಚಿಂತೆ ಅದರ ಮುಂದಿನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ಲಾರಿ ನಡೆಸುವವನಿಗೆ ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು, ತರಬೇತಿಯ ಪ್ರಮಾಣಪತ್ರವೂ ಬೇಕು. ಅಕ್ಷರವನ್ನು ಸುರಕ್ಷತೆಯ ಸಾಧನವೆಂದು ಕಾನೂನು ಒಪ್ಪಿಕೊಂಡಿದೆ ಎಂದು ಓದಿ ನನಗೆ ಸಂತೋಷವಾಯಿತು. ಆದರೆ ಲಾರಿಯಿಂದ ಇಳಿದ ಡ್ರಮ್ಮು ಸಣ್ಣ ಅಂಗಡಿಗೆ ಹೋಗಿ, ಅಲ್ಲಿ ತೆರೆದುಕೊಂಡು, ಕಿಲೋ ಎರಡು ಕಿಲೋ ಲೆಕ್ಕದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಬೀಳುತ್ತದೆ. ಚೀಟಿ ಡ್ರಮ್ಮಿನ ಮೇಲೆಯೇ ಉಳಿಯುತ್ತದೆ. ಕೊನೆಯ ಮನೆಗೆ ಹೋಗುವುದು ಹೆಸರಿಲ್ಲದ ಬಿಳಿ ಪುಡಿ. ಆ ಮನೆಯಲ್ಲಿ ಬಾನಿಯ ಆವಿ, ಒದ್ದೆ ನೆಲ, ಒದ್ದೆ ಕೈ.

ನಾವಿಬ್ಬರೂ ಕುಳಿತು ಅಂಗೈಯಗಲದ ಕನ್ನಡ ಚೀಟಿಯೊಂದನ್ನು ಬರೆದೆವು. ಒಂದು ಮಾತಿಗೆ ಅರ್ಧ ದಿನ ಹಿಡಿಯಿತು. 'ನೀರು ತಾಗಿಸಬೇಡಿ' ಎಂದು ಮೇಲೆ ಬರೆದು 'ಹೊತ್ತಿಕೊಂಡರೆ ನೀರು ಹಾಕಿ' ಎಂದು ಕೆಳಗೆ ಬರೆದರೆ ಓದುವವರು ಯಾವುದನ್ನು ನಂಬಬೇಕು? ಕಡೆಗೆ ಹೀಗೆ ಬರೆದೆವು: "ಹನಿ ನೀರೂ ತಾಗಬಾರದು. ಒದ್ದೆ ಕೈ, ಒದ್ದೆ ಚಮಚೆ ಬೇಡ. ಹೊಗೆ ಬಂದರೆ ಮೊದಲು ಎಲ್ಲರೂ ಹೊರಗೆ ಹೋಗಿರಿ. ಕೊಡದಿಂದ ನೀರು ಸುರಿಯಬೇಡಿ, ಮರಳು ಹಾಕಬೇಡಿ. ಅಗ್ನಿಶಾಮಕದವರನ್ನು ಕರೆದು, ಇದು ಹೈಡ್ರೋಸ್ ಎಂದು ಹೇಳಿರಿ."

ಬಣ್ಣ ಹಾಕುವ ಮನೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಅವಳ ಅಜ್ಜಿ ಕೇಳಿಸಿಕೊಂಡು, "ಉಪ್ಪಿನ ಗಡಿಗ್ಯಾಗ ಹಸಿ ಕೈ ಹಾಕಿದ್ರ ನಮ್ಮತ್ತಿ ಬಡೀತಿದ್ಲು. ಇದೂ ಹಂಗ ಅನ್ರಿ ಮಾಸ್ತರ" ಎಂದರು. ಮುಂದಿನ ಸಲ ಹೋದಾಗ ಪುಡಿ ಪ್ಲಾಸ್ಟಿಕ್ ಚೀಲದಿಂದ ಬಿಗಿ ಮುಚ್ಚಳದ ಡಬ್ಬಿಗೆ ಬಂದಿತ್ತು. ಮುಚ್ಚಳಕ್ಕೆ ದಾರ ಕಟ್ಟಿ ಒಣ ಚಮಚೆಯೊಂದನ್ನು ತೂಗುಬಿಟ್ಟಿದ್ದರು. ನನ್ನ ಶಿಷ್ಯ ಈಗ ಪ್ರತಿ ಚೀಲಕ್ಕೂ ಚೀಟಿಯನ್ನು ಪಿನ್ನು ಹೊಡೆದು ಕೊಡುತ್ತಾನೆ. ಅವನಿಂದ ಸಗಟು ಕೊಳ್ಳುವ ಅಂಗಡಿಗಳಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವರು, ಚೀಟಿ ನೋಡಿದರೆ ಗಿರಾಕಿ ಹೆದರುತ್ತಾರೆ ಎನ್ನುತ್ತಿದ್ದಾರೆ. ಬರುವ ಸೋಮವಾರ ಅವರಲ್ಲಿಗೆ ಹೋಗಬೇಕಾಗಿದೆ.