ಹದಿನೈದರ ಮಗ್ಗಿ

ಬೆಂಗಳೂರಿನಲ್ಲಿ ಎಫ್‌ಎಂ ರೇಡಿಯೊ ಕೇಳುವವರಿಗೆ 91.1, 91.9, 92.7, 93.5, 94.3 ಎಂಬ ಅಂಕಿಗಳು ಬಾಯಿಪಾಠ. ಒಂದರಿಂದ ಮುಂದಿನದಕ್ಕೆ 0.8 ಮೆಗಾಹರ್ಟ್ಸ್ ಅಂತರ. ಒಂದು ನಿಲಯದ ಹಾಡು ಪಕ್ಕದ ನಿಲಯದ ಜಾಹೀರಾತಿನೊಳಗೆ ನುಗ್ಗದಿರಲೆಂದು ಬಿಟ್ಟ ಖಾಲಿ ಜಾಗವೂ ಅದರಲ್ಲಿ ಸೇರಿದೆ. ಅದು ಹೊಲಗಳ ನಡುವಿನ ಬದು ಇದ್ದಂತೆ. ತಂಟೆ ತಪ್ಪಿಸುತ್ತದೆ, ಆದರೆ ಅಲ್ಲಿ ಪೈರು ಬೆಳೆಯುವುದಿಲ್ಲ.

ಆ ಬದುವನ್ನೇ ತೆಗೆದು, ಅಲೆಗಳನ್ನು ಒಂದರ ಮೇಲೊಂದು ಒರಗುವಷ್ಟು ಹತ್ತಿರ ಕೂರಿಸಬಹುದೆಂದು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್ 1966ರಲ್ಲಿ ತೋರಿಸಿದರು. ಇಂದಿನ 4ಜಿ, 5ಜಿ ಎರಡೂ ನಿಂತಿರುವುದು ಒಎಫ್‌ಡಿಎಂ ಎಂಬ ಆ ವಿದ್ಯೆಯ ಮೇಲೆ. ಮೊಬೈಲ್ ನೆಟ್‌ವರ್ಕ್‌ನ ಕೆಲಸ ಮಾಡುವವರಲ್ಲಿ ಕೆಲವರಿಗೆ ಇದರ ಲೆಕ್ಕ ಹವ್ಯಾಸವೇ ಆಗಿಬಿಡುತ್ತದೆ. ಕಾಫಿ ಲೋಟದ ಪಕ್ಕ ಒಂದು ಹಾಳೆ, ಒಂದು ಪೆನ್ನು ಇದ್ದರೆ ಸಾಕು.

ಲೆಕ್ಕ ಶುರುವಾಗುವುದು 15 ಕಿಲೋಹರ್ಟ್ಸ್‌ನಿಂದ. 4ಜಿಯಲ್ಲಿ ಹೀಗೆ ಒತ್ತಾಗಿ ಕೂತ ಒಂದು ಅಲೆಗೂ, ಅಂದರೆ ಸಬ್‌ಕ್ಯಾರಿಯರ್‌ಗೂ, ಅದರ ಪಕ್ಕದ್ದಕ್ಕೂ ಇರುವ ಅಂತರ ಅದು. ಒಂದು ಸೆಕೆಂಡನ್ನು 15,000ದಿಂದ ಭಾಗಿಸಿದರೆ 66.7 ಮೈಕ್ರೋಸೆಕೆಂಡ್. ಮಾಹಿತಿ ಹೊತ್ತ ಒಂದೊಂದು ತುಣುಕಿನ, ಅಂದರೆ ಸಿಂಬಲ್‌ನ, ಆಯಸ್ಸು ಅಷ್ಟೇ. ಅಷ್ಟರೊಳಗೆ ಪ್ರತಿ ಅಲೆಯೂ ತನ್ನ ಕೆಳಗಿನ ಅಲೆಗಿಂತ ಸರಿಯಾಗಿ ಒಂದು ಸುತ್ತು ಹೆಚ್ಚು ಹಾಕಿರುತ್ತದೆ. ಆ ಹೆಚ್ಚಿನ ಸುತ್ತಿನ ಏರು, ಇಳಿವು ಒಂದನ್ನೊಂದು ಕಳೆದು ಸೊನ್ನೆಯಾಗುತ್ತವೆ. ಹಾಗಾಗಿ ಒಂದನ್ನು ಓದುವಾಗ ನೆರೆಯದು ಇದ್ದೂ ಇಲ್ಲದಂತೆ. ಬದು ಇಲ್ಲ, ಜಗಳವೂ ಇಲ್ಲ!

ಇನ್ನೂ ಒಂದು ಸೊಗಸಿದೆ. 3ಜಿಯ ಸಂಕೇತದ ಪುಟ್ಟ ತುಣುಕುಗಳಿಗೆ ಚಿಪ್ ಎಂದು ಹೆಸರು, ಅವುಗಳ ವೇಗ ಸೆಕೆಂಡಿಗೆ 38.4 ಲಕ್ಷ. ಅದನ್ನು 15,000ದಿಂದ ಭಾಗಿಸಿ ನೋಡಿ: ಶೇಷವಿಲ್ಲದೆ 256. ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ. ಈ ಅಲೆಗಳನ್ನು ಬಿಡಿಸುವ ಎಫ್‌ಎಫ್‌ಟಿ ಎಂಬ ಲೆಕ್ಕದ ವಿಧಾನಕ್ಕೆ ಎರಡರ ಘಾತಗಳೆಂದರೆ ಬಲು ಅಚ್ಚುಮೆಚ್ಚು.

ಆದರೆ ಯಾವ ಅಂತರವೂ ಪುಕ್ಕಟೆಯಲ್ಲ. ಕಟ್ಟಡ, ಬೆಟ್ಟಗಳಿಗೆ ಬಡಿದು ತಡವಾಗಿ ಬರುವ ಮಾರ್ದನಿ ಮುಂದಿನ ಸಿಂಬಲನ್ನು ಕೆಡಿಸದಿರಲೆಂದು ಪ್ರತಿ ಸಿಂಬಲ್‌ನ ಮುಂದೆ ಅದರದೇ ಬಾಲದ ತುಣುಕನ್ನು ನಕಲು ಮಾಡಿ ಅಂಟಿಸುತ್ತಾರೆ. ಅದೇ ಸೈಕ್ಲಿಕ್ ಪ್ರಿಫಿಕ್ಸ್. 4ಜಿಯಲ್ಲಿ ಅದು ಸುಮಾರು 4.7 ಮೈಕ್ರೋಸೆಕೆಂಡ್, ಅಷ್ಟರಲ್ಲಿ ರೇಡಿಯೊ ಅಲೆ 1.4 ಕಿಲೋಮೀಟರ್ ಓಡುತ್ತದೆ. ಅಂದರೆ ಸುತ್ತು ಬಳಸಿ ಬಂದ ಮಾರ್ದನಿ ನೇರ ಬಂದ ಅಲೆಗಿಂತ ಅಷ್ಟು ದೂರ ಹೆಚ್ಚು ನಡೆದಿದ್ದರೂ ತೊಂದರೆಯಿಲ್ಲ. ಇದಕ್ಕೆ ತೆರುವ ಸುಂಕ ಸಮಯದ ನೂರಕ್ಕೆ ಸುಮಾರು ಏಳು ಪಾಲು.

ಹಾಗಾದರೆ ಅಂತರವನ್ನು ಇನ್ನೂ ಕಿರಿದು ಮಾಡಿ ಸಿಂಬಲನ್ನು ಉದ್ದ ಮಾಡಿದರೆ ಸುಂಕ ಇಳಿಯುವುದಿಲ್ಲವೇ? ಇಳಿಯುತ್ತದೆ. ಆದರೆ ಫೋನ್ ಇರುವ ಕಾರು ಓಡುತ್ತಿರುತ್ತದಲ್ಲ! ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, 3.5 ಗಿಗಾಹರ್ಟ್ಸ್ ಅಲೆ ಡಾಪ್ಲರ್ ಪರಿಣಾಮದಿಂದ ಸುಮಾರು 324 ಹರ್ಟ್ಸ್‌ನಷ್ಟು ಜರುಗಬಹುದು. 26 ಗಿಗಾಹರ್ಟ್ಸ್‌ನಲ್ಲಿ ಅದು 2,400 ಹರ್ಟ್ಸ್ ದಾಟುತ್ತದೆ. 15 ಕಿಲೋಹರ್ಟ್ಸ್ ಅಂತರಕ್ಕೆ ಇದು ಆರನೇ ಒಂದು ಭಾಗ. ನೆರೆಹೊರೆಯ ಸೌಹಾರ್ದ ಅಲ್ಲಿಗೆ ಮುಗಿಯಿತು. 120 ಕಿಲೋಹರ್ಟ್ಸ್‌ಗೆ ಮಾತ್ರ ಲೆಕ್ಕಕ್ಕಿಲ್ಲ.

ಅದಕ್ಕೇ 5ಜಿಯಲ್ಲಿ ಹದಿನೈದರ ಮಗ್ಗಿ ಹೇಳುತ್ತಾರೆ, ನಡುನಡುವೆ ಹಾರಿಸಿ: 15, 30, 60, 120. ಪ್ರತಿ ಸಲವೂ ದುಪ್ಪಟ್ಟಾಗುವುದರಿಂದ ಒಂದು ಉದ್ದ ಸಿಂಬಲ್‌ನ ಜಾಗದಲ್ಲಿ ಎರಡು ಗಿಡ್ಡ ಸಿಂಬಲ್ ಕೂರುತ್ತವೆ, ಗಡಿಗಳು ಕೂಡಿಕೊಳ್ಳುತ್ತವೆ. 45 ಇಟ್ಟಿದ್ದರೆ 30ರ ಜೊತೆ ಈ ಹೊಂದಾಣಿಕೆ ಇರುತ್ತಿರಲಿಲ್ಲ.

ಅಂತರ ಹಿಗ್ಗಿದರೆ ವೇಗ ಹಿಗ್ಗುತ್ತದೆ ಎಂಬ ನಂಬಿಕೆಯೊಂದಿದೆ, ಅದು ತಪ್ಪು. ಸಿಂಬಲ್‌ಗಳು ದುಪ್ಪಟ್ಟಾದಾಗ ಅಷ್ಟೇ ಅಗಲದ ತರಂಗಾಂತರದ ಪಟ್ಟಿಯಲ್ಲಿ ಹಿಡಿಸುವ ಸಬ್‌ಕ್ಯಾರಿಯರ್‌ಗಳು ಅರ್ಧಕ್ಕಿಳಿಯುತ್ತವೆ. ಒಂದು ಹರ್ಟ್ಸ್‌ಗೆ ಎಷ್ಟು ಬಿಟ್ ಎಂಬ ಲೆಕ್ಕ ಇದ್ದಲ್ಲೇ ಇರುತ್ತದೆ. ನಿಜವಾದ ಉಳಿತಾಯ ಪಟ್ಟಿಯ ಅಂಚಿನಲ್ಲಿದೆ. 4ಜಿಯ 20 ಮೆಗಾಹರ್ಟ್ಸ್‌ನಲ್ಲಿ 1,200 ಸಬ್‌ಕ್ಯಾರಿಯರ್‌ಗಳು ಕೂತು ತುಂಬುವುದು 18 ಮಾತ್ರ. 5ಜಿಯ 100 ಮೆಗಾಹರ್ಟ್ಸ್‌ನಲ್ಲಿ 30 ಕಿಲೋಹರ್ಟ್ಸ್ ಅಂತರದ 3,276 ಕೂತು 98.28 ತುಂಬುತ್ತದೆ. 2022ರ ತರಂಗಾಂತರ ಹರಾಜಿನಲ್ಲಿ 3,300 ಮೆಗಾಹರ್ಟ್ಸ್ ಬ್ಯಾಂಡ್‌ನ ಒಂದೊಂದು ಮೆಗಾಹರ್ಟ್ಸ್‌ಗೆ ದೇಶಪೂರ್ತಿಗೆ ಇಟ್ಟ ಮೂಲ ಬೆಲೆ 317 ಕೋಟಿ ರೂಪಾಯಿ. 4ಜಿಯ ರೀತಿಯಲ್ಲೇ ಅಂಚು ಬಿಟ್ಟಿದ್ದರೆ 100 ಮೆಗಾಹರ್ಟ್ಸ್‌ನಲ್ಲಿ 3,170 ಕೋಟಿ ರೂಪಾಯಿಯ ಜಾಗ ಬೀಳು ಬೀಳುತ್ತಿತ್ತು. ಈಗ ಬೀಳು ಬಿದ್ದಿರುವುದು ಸುಮಾರು 545 ಕೋಟಿಯದು. ಅಂಚನ್ನು ಇಷ್ಟು ಚೂಪಾಗಿ ಕತ್ತರಿಸುವ ಫಿಲ್ಟರ್ ಬರೆದವರಿಗೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ.

ಮಗ್ಗಿ ಅಲ್ಲಿಗೇ ನಿಂತಿಲ್ಲ. 71 ಗಿಗಾಹರ್ಟ್ಸ್‌ವರೆಗಿನ ಅಲೆಗಳಿಗಾಗಿ 5ಜಿ ನಿಯಮಗಳ 17ನೇ ಆವೃತ್ತಿ 480 ಮತ್ತು 960ನ್ನೂ ಸೇರಿಸಿಕೊಂಡಿದೆ. 960 ಅಂದರೆ ಹದಿನೈದು ಅರವತ್ನಾಲ್ಕಲೆ. ಸಿಂಬಲ್ ಜೊತೆ ಸೈಕ್ಲಿಕ್ ಪ್ರಿಫಿಕ್ಸೂ ಅಷ್ಟೇ ಪಟ್ಟು ಕಿರಿದಾಗುವುದರಿಂದ ಅಲ್ಲಿ ಮಾರ್ದನಿಗೆ ಸಿಗುವ ರಿಯಾಯಿತಿ 22 ಮೀಟರ್.